ಎರಡನೇ ಬೀಗ

ರಿಪೇರಿಗೆ ಇಳಿದವರೆಲ್ಲ, ಬೇರೆ ಯಾರೂ ಚಾಲೂ ಮಾಡದಂತೆ, ಯಂತ್ರದ ಮೇನ್ ಸ್ವಿಚ್ಚಿಗೆ ತಮ್ಮ ತಮ್ಮ ಬೀಗ ಜಡಿದು, ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಒಬ್ಬೊಬ್ಬರಿಗೂ ಒಂದೊಂದು ಬೀಗ, ಇದು ಕಾರ್ಖಾನೆಯ ನಿಯಮ. ಈ ಗಂಡ ಹೆಂಡತಿ ಮಾತ್ರ ಇಬ್ಬರಿಗೂ ಸೇರಿ ಒಂದೇ ಹಾಕುತ್ತಿದ್ದರು, ಕೀಲಿ ಗಂಡನ ಜೇಬಿನಲ್ಲಿ. ಗಂಡ ಫಿಟ್ಟರ್, ಹೆಂಡತಿ ಯಂತ್ರಗಳಿಗೆ ಎಚ್ಚರಿಕೆಯ ಚೀಟಿ ಅಂಟಿಸುವವಳು. ಒಂದೇ ಮನೆಯವರಿಗೆ ಎರಡೆರಡು ಬೀಗ ಯಾಕೆ ಎಂಬುದು ಅವನ ವಾದ. ಬೀಗ ಕೊಡುವ ಸ್ಟೋರಿನವನು ನಕ್ಕು ಸುಮ್ಮನಾಗಿದ್ದ. ನಗುವಂಥದ್ದೇನಿತ್ತೋ, ಅವನಿಗೇ ಗೊತ್ತು!

ಆವತ್ತು ತಗಡು ಒತ್ತುವ ದೊಡ್ಡ ಪ್ರೆಸ್ಸಿನ ಸರದಿ. ಅದಕ್ಕೆ ಶಕ್ತಿ ಎಲ್ಲೆಲ್ಲಿಂದ ಬರುತ್ತದೋ ಅಲ್ಲೆಲ್ಲ ಅವಳು ಚೀಟಿ ಅಂಟಿಸಬೇಕಿತ್ತು. ಕರೆಂಟಿಗೆ ಕೆಂಪು, ಗಾಳಿಯ ಕೊಳವೆಗೆ ನೀಲಿ. ಮೇಲೆ ತೂಗುವ ಕಬ್ಬಿಣದ ದಿಮ್ಮಿಗೆ ಹಳದಿ. ಕರೆಂಟು, ಗಾಳಿ ಎರಡೂ ನಿಂತರೂ ಅದರ ಭಾರ ಎಲ್ಲಿ ಹೋಗುತ್ತದೆ? ‘ಆಸರೆ ಕೊಡದೆ ಕೈ ಹಾಕಬೇಡಿ’ ಎಂದು ಚೀಟಿಯ ಮೇಲಿತ್ತು. ಊರಿಗೆಲ್ಲ ಬುದ್ಧಿ ಹೇಳುವ ಚೀಟಿ ಅಂಟಿಸುತ್ತಾ ತಾನೇ ಅದನ್ನು ಮೀರಿದರೆ ನಾಚಿಕೆಗೇಡು ಎನಿಸಿ, ದಿಮ್ಮಿಯ ಕೆಳಗೆ ಉಕ್ಕಿನ ಮೋಟು ಕಂಬ ನಿಲ್ಲಿಸಿದಳು. ಗೋಡೆಯ ಗೂಟದಲ್ಲಿದ್ದ ಚೀಟಿಗಳ ಚೀಲವನ್ನು ಹೆಗಲಿಗೇರಿಸಿ ಹಿಂಬದಿಗೆ ಹೋಗಿ, ಹಳದಿ ಚೀಟಿ ಅಂಟಿಸಲು ದಿಮ್ಮಿಯ ಅಡಿಗೆ ಮೊಣಕೈವರೆಗೂ ಕೈ ತೂರಿಸಿದಳು.

ಮುಂಬದಿಯಲ್ಲಿ ಗಂಡನ ಕೆಲಸ ಮುಗಿಯಿತು. ಗೋಡೆಯ ಗೂಟ ನೋಡಿದ, ಅವಳ ಚೀಲ ಇಲ್ಲ. ಚೀಲ ಇಲ್ಲವೆಂದರೆ ಅವಳು ಮನೆಗೆ ಹೊರಟಳೆಂದೇ ಅರ್ಥ. ಮದುವೆಯಾದಾಗಿನಿಂದ ಈ ಲೆಕ್ಕ ತಪ್ಪಿದ್ದಿಲ್ಲ. ಬೀಗ ತೆಗೆದು ಸ್ವಿಚ್ ಹಾಕಿದ.

ಕೊಳವೆಯಲ್ಲಿ ಉಳಿದು ದಿಮ್ಮಿಯನ್ನು ಎತ್ತಿ ಹಿಡಿದಿದ್ದ ಗಾಳಿ ಬುಸ್ಸೆಂದು ಹೊರಬಿತ್ತು. ದಿಮ್ಮಿ ಜಾರಿ, ಕಂಬಕ್ಕೆ ಬಡಿದು ನಿಂತಿತು. ಅದಕ್ಕೂ ಅವಳ ಕೈಗೂ ನಡುವೆ ಬೆರಳಗಲದಷ್ಟು ಜಾಗವಿತ್ತು.

ಅವಳು ಹೊರಗೆ ಬಂದಾಗ ಅವನ ಮುಖ ಬಿಳುಚಿಕೊಂಡಿತ್ತು. ಸ್ವಿಚ್ ಆರಿಸಿ, “ಚೀಲ ಕಾಣಲಿಲ್ಲ, ನೀನು ಮನೆಗೆ ಹೋದೆ ಅಂದುಕೊಂಡೆ” ಎಂದು ತೊದಲಿದ. ಅವಳಿಗೆ ಭಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

“ಮೂರು ಅಪಾಯಕ್ಕೆ ಮೂರು ಚೀಟಿ ತಂದಿದ್ದೆ ಕಣ್ರೀ,” ಎಂದಳು. “ನಾಲ್ಕನೇದು ನೀವು ಅಂತ ಗೊತ್ತಿರ್ಲಿಲ್ಲ.”

ಅವನು ತನ್ನ ಬೀಗವನ್ನು ಸ್ವಿಚ್ಚಿಗೆ ಮತ್ತೆ ಹಾಕಿದ. ಅವಳು ಸ್ಟೋರಿಗೆ ಹೋಗಿ ತನ್ನ ಪಾಲಿನ ಬೀಗ ತಂದು ಅದರ ಪಕ್ಕದಲ್ಲೇ ಜಡಿದಳು. ಈ ಸಲ ಸ್ಟೋರಿನವನು ನಗಲಿಲ್ಲ. ಅವಳು ಕೀಲಿಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು, ಅರ್ಧಕ್ಕೇ ನಿಂತಿದ್ದ ಹಳದಿ ಚೀಟಿ ಅಂಟಿಸಲು ಹಿಂದಕ್ಕೆ ನಡೆದಳು.

ಅವನ ಕೆಲಸ ಎಂದೋ ಮುಗಿದಿತ್ತು, ತನ್ನ ಬೀಗ ತೆಗೆದುಕೊಂಡು ಹೋಗಬಹುದಿತ್ತು. ಅವಳು ಬಂದು ತನ್ನದನ್ನು ತೆಗೆಯುವವರೆಗೂ ಅವನು ಸ್ವಿಚ್ಚಿಗೆ ಬೆನ್ನು ಕೊಟ್ಟು ಅಲ್ಲೇ ನಿಂತಿದ್ದ.