ಬೆಲ್ಲಿಗೊಂದು ಸೈಕಲ್ಲು

ಬಟ್ಟೆ ಹಿಂಡುತ್ತಿದ್ದೆ. ನಡುಮನೆಯಲ್ಲಿ ‘ಟ್ರಿಣ್ ಟ್ರಿಣ್’ ಎಂದಿತು. ಮಗಳು ಸೈಕಲ್ಲನ್ನು ಒಳಗೇ ತಂದಳೋ ಏನೋ ಎಂದು ಸೋಪಿನ ಕೈಯಲ್ಲೇ ಓಡಿದೆ. ಸೈಕಲ್ಲಿಲ್ಲ! ಅವಳ ಅಂಗೈಯಲ್ಲಿ ಬರೀ ಬೆಲ್ಲು, ಸೊಂಟದಲ್ಲಿ ಸಿಕ್ಕಿಸಿದ ಅಪ್ಪನ ಸ್ಕ್ರೂಡ್ರೈವರ್. ವರ್ಷವಿಡೀ ನಮ್ಮ ಪ್ರಾಣ ತಿಂದು ಕೊಡಿಸಿಕೊಂಡ ಸೈಕಲ್ಲು ಐದೇ ದಿನಕ್ಕೆ ಅಂಗಳದ ಮೂಲೆ ಸೇರಿ, ನನ್ನ ಒದ್ದೆ ಟವೆಲ್ಲುಗಳನ್ನು ಹೊತ್ತು ನಿಂತಿತ್ತು.

“ದಾರಿ ಬಿಡಿ, ದಾರಿ ಬಿಡಿ!” ಎಂದು ಅವಳು ಬೆಲ್ಲು ಬಾರಿಸುತ್ತಾ ಮಂಚ ಸುತ್ತಿ ಬಂದಳು.

“ಬಿಟ್ಟೆ ಕಣಮ್ಮಾ ಮಹಾರಾಣಿ!” ಅಜ್ಜಿ ನಗುತ್ತಾ ಗೋಡೆಗೆ ಅಂಟಿಕೊಂಡರು.

“ಸೈಕಲ್ ಬೇಡ್ವೇನೇ, ಕಳ್ಳಿ?” ಎಂದೆ, ನಗು ತಡೆಯುತ್ತಾ.

ಅವಳು ಗಕ್ಕನೆ ನಿಂತು, ಬೆಲ್ಲನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

“ಬೈಯಲ್ಲ ತಾನೇ?”

“ಇಲ್ಲ, ಹೇಳು.”

“ಅಮ್ಮಾ, ಬರೀ ಬೆಲ್ಲು ಬೇಕು ಅಂದಿದ್ರೆ ಕೊಡಿಸ್ತಿದ್ಯಾ?”