ನಟ್ಟು ಮೇಲಾದ ಬೋಲ್ಟು

ಆಯಿ, ಅಂದರೆ ನನ್ನ ಅಜ್ಜಿ, ಕತೆ ಹೇಳುವಾಗ ಒಂದು ಕರಾರು ಇತ್ತು. ಕೇಳುವವರು ನಡುನಡುವೆ ಹೂಂ ಅನ್ನಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ಬರೀ ತುಟಿಯ ಮೇಲಿನ ಹೂಂ ಎಂದು ಅನುಮಾನ ಬಂದರೆ, ಈಗ ರಾಜಕುಮಾರಿ ಎಲ್ಲಿದ್ದಾಳೆ ಹೇಳು ಎಂದು ಹಿಡಿದು ಕೇಳುತ್ತಿದ್ದಳು.

ಅಕ್ಕಲಕೋಟೆಯ ನಮ್ಮ ಮಾಳಿಗೆಯ ಮೇಲೆ ಮಲಗಿ, ಹಾರುವ ಹೊರಸು-ಮಂಚದ ಕತೆ ಕೇಳಿ ಬೆಳೆದವಳು ನಾನು, ಶುಭಾಂಗಿ. ಅದೇ ಹುಚ್ಚಿನಲ್ಲಿ ವಿಮಾನ ರಿಪೇರಿ ಕಲಿತೆ. ಈಗ ದಿನಾ ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಕೆಲಸಕ್ಕೆ ಹೋಗುತ್ತೇನೆ. ಅಲ್ಲಿ ವಿಮಾನ ಹಾರಿಸಲು ಕಲಿಸುವ ಸಣ್ಣದೊಂದು ಶಾಲೆಯಿದೆ: ತಗಡಿನ ಶೆಡ್ಡು, ಎರಡು ಪುಟ್ಟ ವಿಮಾನ. ಈ ಸಂಗತಿ ನಡೆಯುವ ಹಿಂದಿನ ವಾರವಷ್ಟೇ ಅವುಗಳ ಬಾಲ ಬಿಚ್ಚಿ ಎಣ್ಣೆ ಹಾಕಿ ಜೋಡಿಸಿದ್ದರು.

ಅವತ್ತು ಚಾದರದ ವ್ಯಾಪಾರಿಗಳ ಮನೆಯ ಹುಡುಗ ಅವಿನಾಶ ಮೊದಲ ಸಲ ಒಬ್ಬನೇ ಹಾರುವವನಿದ್ದ. ಅವನ ತಾಯಿ ಶಾರದಾಬಾಯಿ ತೆಂಗಿನಕಾಯಿ, ಕರ್ಪೂರ, ಪೇಡೆಯ ಡಬ್ಬಿ ಹಿಡಿದುಕೊಂಡು ಬಂದಿದ್ದರು. ಅವರು ಆರತಿಯ ತಟ್ಟೆ ಸಜ್ಜು ಮಾಡುತ್ತಿದ್ದಾಗ ನಾನು ಸುಮ್ಮನೆ ಅವನು ಹಾರಿಸುವ ವಿಮಾನದ ಬಾಲದ ಕಿಂಡಿಯಲ್ಲಿ ಬ್ಯಾಟರಿ ಬೆಳಕು ಬಿಟ್ಟು ನೋಡಿದೆ. ಬಾಲದ ರೆಕ್ಕೆಯನ್ನು ಏರಿಸಿ ಇಳಿಸುವ ಸರಳಿಗೆ ಹಾಕಿದ ಬೋಲ್ಟು ತಲೆ ಕೆಳಗಾಗಿ ಕೂತಿತ್ತು. ತಲೆ ಮೇಲೆ, ನಟ್ಟು ಕೆಳಗೆ ಇರಬೇಕು. ಉಲ್ಟಾ ಹಾಕಿದರೆ ಬೋಲ್ಟಿನ ಉದ್ದದ ತುದಿ ಮೇಲೆ ಚಾಚಿಕೊಂಡು, ರೆಕ್ಕೆ ಪೂರ್ತಿ ಎತ್ತಿದಾಗ ಮೇಲಿನ ಪಟ್ಟಿಗೆ ಸಿಕ್ಕಿಬೀಳುತ್ತದೆ. ವಿಮಾನ ನೆಲಕ್ಕೆ ಇಳಿಸುವಾಗಲೇ ರೆಕ್ಕೆಯನ್ನು ಹಾಗೆ ಎತ್ತುವುದು.

ಅದನ್ನು ಕೂಡಿಸಿದವರು ಧೂಳಪ್ಪ ಕಾಕಾ. ಇಲ್ಲಿಗೆ ಬರುವ ಮೊದಲು ಅವರು ಪವರ್‌ಲೂಮ್ ಕಾರಖಾನೆಯಲ್ಲಿ ಫಿಟರ್ ಆಗಿದ್ದರು.

“ಕಾಕಾ, ಬೋಲ್ಟ್ ಉಲ್ಟಾ ಕೂತೈತ್ರಿ.”

“ಉಲ್ಟಾ ಅಲ್ಲವಾ, ನಟ್ ಕಣ್ಣಿಗೆ ಕಾಣೂ ಹಂಗ ಇಟ್ಟೀನಿ. ಮಗ್ಗಕ್ಕ ನಾವು ಹಿಂಗ ಹಾಕ್ತಿದ್ವಿ, ನಿಂತಲ್ಲೇ ಪಾನಾ ಹಚ್ಚಿ ನಟ್ ತಿರುವಾಕ ಬರಬೇಕು. ಪಿನ್ನೂ ಹಾಕೀನಿ. ಬಿಚ್ಚಿದ್ರ ಮೀಸಿ ಬೋಳಸ್ತೀನಿ.”

ಬಿಚ್ಚುವ ಮಾತಲ್ಲ, ಸಿಕ್ಕಿಬೀಳುವ ಮಾತು ಎಂದೆ. ಅವರು ರೆಕ್ಕೆಯನ್ನು ಅರ್ಧದವರೆಗೆ ಎತ್ತಿ ಇಳಿಸಿ, ನೋಡು, ಬೆಣ್ಣೆ ಇದ್ದಂಗ ಐತಿ ಎಂದು ಹೊರಟೇಬಿಟ್ಟರು.

ಮುಖ್ಯ ಎಂಜಿನಿಯರ್ ಸಾತಲಿಂಗಪ್ಪ ಸರ್ ಹತ್ತಿರ ಓಡಿದೆ. ಅವರು ಮೊಬೈಲ್ ನೋಡುತ್ತ ಹೂಂ ಅಂದರು. ನಾನು ಮತ್ತೆ ಹೇಳಿದೆ. ಮತ್ತೆ ಹೂಂ. ಹೋಗಿ ನೋಡಬೇಕೆಂಬ ಹೂಂ ಅಲ್ಲ ಅದು, ಈ ಕತೆ ಕಟ್ಟುವ ಹುಡುಗಿ ಯಾವಾಗ ಹೋದಾಳು ಎಂಬ ಹೂಂ. ಆಯಿಯ ಕತೆಗಳನ್ನು ಚಹಾದ ಹೊತ್ತಿಗೆ ಎಲ್ಲರಿಗೂ ಹೇಳಿದ್ದೆನಲ್ಲ. ಬೋಲ್ಟಿನ ಹೆಸರು ಹೇಳಿದೆ, ಜಾಗ ಹೇಳಿದೆ, ಕೈಯಲ್ಲಿ ಮಾಡಿ ತೋರಿಸಿದೆ. ಅಷ್ಟರಲ್ಲಿ ಹೊರಗೆ ಕಾಯಿ ಒಡೆದ ಸದ್ದಾಯಿತು.

ಆರತಿ ಮುಗಿದಿತ್ತು. ನಮ್ಮ ಕಡೆ ಹೊಸ ಮಗ್ಗವಿರಲಿ, ಟ್ರಕ್ಕಿರಲಿ, ಆರತಿಯಾದ ಮೇಲೆ ಮುಂದಕ್ಕೇ ಹೋಗಬೇಕು, ಹಿಂದೆ ತಳ್ಳಬಾರದು. ಹಿಂದಕ್ಕೆ ಶೆಡ್ಡಿಗೆ ಒಯ್ದು ಒಮ್ಮೆ ನೋಡೋಣ ಎಂದು ನಾನು ಅಂದಾಗ ಶಾರದಾಬಾಯಿಯ ಮುಖ ಇಳಿಯಿತು. ಹಾರಿ ಬಂದ ಮೇಲೆ ನೋಡಿದರಾಯಿತು ಎಂದರು ನನ್ನ ಹಿಂದೆಯೇ ಹೊರಬಂದ ಸರ್. ಹಾರಿ ಬಂದ ಮೇಲೆ! ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಸರ್, ಕಾಕಾ ಇಬ್ಬರೂ ನಕ್ಕರು.

ಉಳಿದವನು ಅವಿನಾಶನೊಬ್ಬನೇ. ಬೆಲ್ಟು ಹಾಕಿಕೊಂಡು ಕೂತಿದ್ದ. ಕಿಟಕಿಗೆ ಬಗ್ಗಿದೆ.

“ಹಿಡಿಕಿ ಹೊಟ್ಟಿಗೆ ತಾಗೂತನಕಾ ಜಗ್ಗು.”

“ಯಾಕ, ನಿಮ್ಮ ಆಯಿ ಕತಿಯೊಳಗ ಹಂಗ ಜಗ್ತಿದ್ರೇನು?”

“ಹಂಗ ತಿಳ್ಕೊ. ಜಗ್ಗು.”

ಜಗ್ಗಿದ. ಬಾಲದ ರೆಕ್ಕೆ ಪೂರ್ತಿ ಎದ್ದು, ಒಳಗೆ ಟಕ್ಕೆಂದಿತು. ಮುಂದಕ್ಕೆ ದೂಡಿದ, ಹೋಗಲಿಲ್ಲ. ಎರಡೂ ಕೈ ಹಚ್ಚಿದ, ಆಗಲೂ ಹೋಗಲಿಲ್ಲ. ನಗು ಅವನ ಮುಖದಿಂದ ಮೆಲ್ಲಗೆ ಜಾರಿತು.

ಆಮೇಲೆ ವಿಮಾನ ಹಿಂದಕ್ಕೇ ಹೋಯಿತು. ಧೂಳಪ್ಪ ಕಾಕಾ ಬೋಲ್ಟು ತಿರುವಿ ಹಾಕಿದರು. ಶಾರದಾಬಾಯಿ ಪೇಡೆಯ ಡಬ್ಬಿಯ ಮುಚ್ಚಳ ತೆರೆಯಲೇ ಇಲ್ಲ. “ಆರತಿ ಆದ ಮ್ಯಾಲೇ ಬಾಯಿ ಬಂತೇನವಾ ನಿನಗ?” ಎಂದರು. ಸರ್ ಅಂತೂ, ಗುಣುಗುಣು ಅಂದರೆ ಯಾರಿಗೆ ತಿಳಿಯಬೇಕು, ಇನ್ನು ಮುಂದೆ ಬಿಡಿಸಿ ಹೇಳಲು ಕಲಿ ಎಂದು ನನಗೇ ಬುದ್ಧಿ ಹೇಳಿದರು. ಬಸ್ಸಿನಲ್ಲಿ ಅಕ್ಕಲಕೋಟೆ ಬರುವವರೆಗೂ ಅದನ್ನೇ ಅಗಿಯುತ್ತ ಕೂತಿದ್ದೆ.

ಸಂಜೆ ಆಯಿ ಜೋಳ ಹಸನು ಮಾಡುತ್ತಿದ್ದಳು. ಎದುರು ಕೂತು ಎಲ್ಲ ಹೇಳಿದೆ. ಹೂಂ, ಹೂಂ ಎನ್ನುತ್ತಲೇ ಇದ್ದವಳು ಒಮ್ಮೆಲೇ ನಿಲ್ಲಿಸಿದಳು. ಮೊರದ ಮೇಲಿನ ಕೈಯೂ ನಿಂತಿತು.

“ಎರಡು ವಿಮಾನ ಅದಾವ ಅಂದಿದ್ದಿ. ಆ ಇನ್ನೊಂದರ ಬಾಲಾ ಯಾರು ಕೂಡಿಸಿದ್ರು?”

ಧೂಳಪ್ಪ ಕಾಕಾನೇ. ಅದೇ ವಾರ, ಅದೇ ಕೈ. ನನ್ನ ಸಿಟ್ಟನ್ನೇ ಮುದ್ದು ಮಾಡುತ್ತ ಕೂತ ನನಗೆ ಅದು ಹೊಳೆದೇ ಇರಲಿಲ್ಲ. ನಾಳೆ ಮುಂಜಾನೆ ಅದು ಬೇರೊಬ್ಬ ಹುಡುಗನ ಜೊತೆ ಹಾರಲಿತ್ತು.

ಸರ್‌ಗೆ ಫೋನು ಹಚ್ಚಿ ಹೇಳಿದೆ. ಹಿಂದೆ ಟಿವಿ ಕೂಗುತ್ತಿತ್ತು. ಹೂಂ ಅಂದರು. ಹೂಂ, ಹೂಂ, ಮುಂಜಾನಿ ನೋಡೂಣು ಅಂದರು. ನಾನು ಫೋನು ಇಡಲಿಲ್ಲ. ಆಯಿ ನನ್ನನ್ನೇ ನೋಡುತ್ತಿದ್ದಳು.

“ಸರ್, ನಾ ಈಗ ಏನ್ ಹೇಳಿದೆ, ಹೇಳ್ರಿ.”

ಆ ಕಡೆ ಟಿವಿಯ ಸದ್ದು ನಿಂತಿತು.

“ಇನ್ನೊಮ್ಮಿ ಹೇಳವಾ,” ಎಂದರು.

ಬೋಲ್ಟಿನ ತಲೆ ಯಾವ ಕಡೆ ಇರಬೇಕು ಎಂಬಲ್ಲಿಂದ ಮತ್ತೆ ಶುರು ಮಾಡಿದೆ.