ಒಯ್ಯಿರಿ ಅನ್ನಬೇಕೋ, ತರುತ್ತೇವೆ ಅನ್ನಬೇಕೋ

ವಾಡಿಯ ತಾರ್ ಆಫೀಸಿನ ಬೆಂಚಿನ ಮೇಲೆ ಶರಣಬಸಮ್ಮ ಕೂತಲ್ಲಿ ಕೂರಲಾರದೆ ಕೂತಿದ್ದಳು. ತೊಡೆಯ ಮೇಲೆ ಕೂಸು, ಕೈಯಲ್ಲಿ ಖಾಲಿ ಟೆಲಿಗ್ರಾಂ ಫಾರ್ಮು. ಪಕ್ಕದಲ್ಲಿ ರಾವೂರಿನಿಂದ ಗಾಡಿ ಕಟ್ಟಿಕೊಂಡು ಬಂದಿದ್ದ ಅಪ್ಪ ಮಡಿವಾಳಯ್ಯ.

“ಬರಿ, ಬರಿ. ಎತ್ತು ಬಿಸಲಾಗ ನಿಂತಾವ. ಬಾಣಂತನ ಮುಗದದ, ಬಂದು ಕರ್ಕೊಂಡು ಹೋಗ್ರಿ ಅಂತ ಬರಿ. ಪತ್ರಕ್ಕಂತೂ ಜವಾಬಿಲ್ಲ. ತಾರ್ ಹೋದ್ರ ಎದಿ ಧಸಕ್ ಅಂತದ ಅವ್ರದು.”

ಜಗಳ ಹುಟ್ಟಿದ್ದು ತೊಟ್ಟಿಲ ದಿನ. ತನಗೆ ಕೊಟ್ಟ ಸೀರೆ ಹಗುರಾಯಿತೆಂದು ಅತ್ತೆ ಊಟ ಅರ್ಧಕ್ಕೇ ಬಿಟ್ಟು ಎದ್ದಿದ್ದಳು. “ನಾವಿನ್ನ ಬರಂಗಿಲ್ಲ, ಸೊಸಿನ್ನ ನೀವೇ ತಂದು ಬಿಡ್ರಿ” ಎಂದು ಸೊಲ್ಲಾಪುರದ ರೈಲು ಹತ್ತಿದ್ದಳು. ಬಾಣಂತಿಯನ್ನು ಗಂಡನ ಮನೆಯವರೇ ಬಂದು ಕರೆದೊಯ್ಯಬೇಕು. ಕರೆಯದೆ ಕಳಿಸಿದರೆ ತವರಿಗೆ ಮಗಳು ಭಾರವಾದಳೆಂದು ಊರು ಆಡಿಕೊಳ್ಳುತ್ತದೆ. ಮಡಿವಾಳಯ್ಯನೂ ಹಟ ಹಿಡಿದ. ಗಿರಣಿಯಲ್ಲಿ ದುಡಿಯುವ ಗಂಡ ಗುರುಲಿಂಗಯ್ಯ ತಾಯಿಯ ಮಾತು ಮೀರಲಿಲ್ಲ. ರಜೆ ಸಿಗದೆ ತೊಟ್ಟಿಲಿಗೂ ಬಂದಿರದ ಅವನಿನ್ನೂ ಮಗನ ಮುಖ ಕಂಡಿರಲಿಲ್ಲ.

ತಾರು ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ. ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದರೂ ಮನೆಯಲ್ಲಿ ಇಂಗ್ಲಿಷ್ ಅಕ್ಷರ ಬಲ್ಲವಳು ಶರಣಬಸಮ್ಮ ಒಬ್ಬಳೇ. ‘ಟೇಕ್’, ಒಯ್ಯಿರಿ, ಎಂದು ಬರೆದರೆ ಅಪ್ಪನ ಮಾತು ನಡೆಯುತ್ತದೆ. ‘ಬ್ರಿಂಗ್’, ತರುತ್ತೇವೆ, ಎಂದರೆ ಅತ್ತೆಯದು. ಇಲ್ಲಿಂದ ಅತ್ತ ಒಯ್ದರೆ ಟೇಕ್, ಅಲ್ಲಿಂದ ಇತ್ತ ತಂದರೆ ಬ್ರಿಂಗ್ ಎಂದು ಮಾಸ್ತರರು ಸುಣ್ಣದ ಕಡ್ಡಿಯನ್ನು ಕಿಟಕಿಯಿಂದ ಮೇಜಿಗೆ, ಮೇಜಿನಿಂದ ಕಿಟಕಿಗೆ ಒಯ್ದು ತೋರಿಸಿದ್ದರು. ನಿನಗೆಲ್ಲಿ ಇರಬೇಕಾಗಿದೆ ಎಂದು ಕಡ್ಡಿಯನ್ನು ಯಾರು ಕೇಳುತ್ತಾರೆ? ‘ಸೆಂಡ್’ ಎಂದರೂ ಅಷ್ಟೇ, ಕಳಿಸುವವರು ಬೇರೆಯವರೇ. ಯಾವುದನ್ನು ಬರೆದರೂ ಅವಳು ಯಾರದೋ ಕೈಯ ಗಂಟು. ಪೆನ್ನಿನ ತುದಿ ಕಾಗದ ಮುಟ್ಟುತ್ತಿತ್ತು, ಹಿಂದೆ ಸರಿಯುತ್ತಿತ್ತು.

“ಏನ್ ತಂಗಿ, ಲಗ್ನಪತ್ರ ಬರೀಲಿಕತ್ತೀಯೇನು?” ಕೌಂಟರಿನಾಚೆ ತಾರ್ ಹೊಡೆಯುವ ಜಿಲಾನಿ ಸಾಹೇಬ ನಕ್ಕ. “ನಾಕ್ ಮಾತಿಗೆ ಇಷ್ಟ್ ಹೊತ್ತಾ?”

ಅವಳ ಕಿವಿ ಬಿಸಿಯಾಯಿತು. ಕೂಸನ್ನು ಅಪ್ಪನ ಕೈಗೆ ಕೊಟ್ಟು, ಕೌಂಟರಿಗೆ ಒರಗಿ, ಗಬಗಬನೆ ಬರೆದು ಮುಂದಕ್ಕೆ ಸರಿಸಿದಳು.

ಕಳಿಸುವ ಮೊದಲು ಜಿಲಾನಿ ಎಲ್ಲರಿಗೂ ಕನ್ನಡದಲ್ಲಿ ಓದಿ ಹೇಳುತ್ತಿದ್ದ. ಈಗಲೂ ಓದಿದ. “ಮಗನ್ನ ಕರ್ಕೊಂಡು ಮಂಗಳವಾರ ಬರ್ಲಿಕತ್ತೀನಿ. ಸ್ಟೇಷನ್‌ಗೆ ಬರ್ರಿ.”

ಮಡಿವಾಳಯ್ಯ ದಡಕ್ಕನೆ ಎದ್ದ. “ಬರಾಕತ್ತೀನಿ? ಯಾರು?”

“ನಾ, ಯಪ್ಪಾ.” ಧ್ವನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. “ನಾನೇ ಹೋಗ್ತೀನಿ.”

“ಕರೀಲಾರದ ಹೋಗ್ತಿ? ಹೊಸ್ತಿಲದಾಗೇ ನಿಂದರ್ಸಿದ್ರ?”

“ನಿಂದರ್ತೀನಿ.”

“ಮತ್ತ ನನ್ನ ಮಾರಿ ಎಲ್ಲಿಡ್ಲಿ ಊರಾಗ?”

ಅವಳು ನೆಲ ನೋಡಿದಳು.

“ಸ್ವಾಮ್ಯಾರ, ಮಶೀನ್ ಮ್ಯಾಲ ಕೈ ಇಟ್ಕೊಂಡು ಕುಂತೀನಿ,” ಎಂದ ಜಿಲಾನಿ. “ಹೊಡೀಲೋ ಬ್ಯಾಡೋ?”

ಮಡಿವಾಳಯ್ಯ ಕೂಸನ್ನು ಎತ್ತಿಕೊಂಡೇ ಎತ್ತುಗಳತ್ತ ನಡೆದುಬಿಟ್ಟ. ಜಿಲಾನಿ ಅವಳ ಮುಖ ನೋಡಿದ.

“ಹೊಡೀರಿ, ಸಾಹೇಬ್ರ.”

ಕಟಕಟ ಸದ್ದು ಮುಗಿಯುವವರೆಗೂ ಅವಳು ಕೌಂಟರಿನ ಅಂಚು ಬಿಡಲಿಲ್ಲ.

ಗಾಡಿ ಊರ ದಾರಿ ಹಿಡಿದ ಮೇಲೆ ಅಪ್ಪ ಎತ್ತುಗಳ ಕಡೆ ನೋಡುತ್ತಲೇ ಹೇಳಿದ. “ಸೊಲ್ಲಾಪುರ ಸ್ಟೇಷನ್ ತನಕ ಬರ್ತೀನಿ. ಗೇಟ್ ದಾಟಂಗಿಲ್ಲ. ತಂದು ಬಿಟ್ಟ ಅಂತ ಯಾರೂ ಅನಬಾರ್ದು.”

“ಹೂಂ.”

ಗುರುಲಿಂಗಯ್ಯ ಬಂದಾನೋ? ಅವನು ಪಾಳಿಗೆ ಹೋದಾಗ ತಾರು ಅತ್ತೆಯ ಕೈಗೆ ಸಿಕ್ಕರೆ? ಯಾರೂ ಬರದಿದ್ದರೆ, ಅಪ್ಪ ಗೇಟಿನ ಒಳಗೆ, ತಾನು ಗೇಟಿನ ಹೊರಗೆ, ನಡುವೆ ಟ್ರಂಕು. ಕಲ್ಲಿನ ಗಣಿಗಳು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ಕೂಸು ನಿದ್ದೆ ಹೋಗಿತ್ತು. ಅದನ್ನು ಮಲಗಿಸುವ ಮನಸ್ಸಾಗದೆ ಅವಳು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಳ್ಳುತ್ತಲೇ ಇದ್ದಳು.